ಕೊಂಡಿಯ ಮೂಲಕ ಬರುವ ಮ್ಯಾಕ್ರೋ ಹಾಳೆಗಳು: ಅವುಗಳಿಗಿರುವ ತಡೆಯೂ ಅದರ ಕಾರಣವೂ

ಬಿತ್ತನೆಯ ಆಲೂಗೆಡ್ಡೆಯ ವಿಚಾರದಲ್ಲಿ ಹಾಸನ ಸೀಮೆಯ ರೈತನಿಗೆ ಅನುಭವವೇ ಒಂದು ಪಾಠವನ್ನು ಕಲಿಸಿದೆ. ಪಂಜಾಬಿನ ಜಲಂಧರದ ಕಡೆಯಿಂದ ಬಂದ ಗೆಡ್ಡೆಯು ಹೊರನೋಟಕ್ಕೆ ಎಷ್ಟೇ ಚೆನ್ನಾಗಿ ಕಂಡರೂ ಅದರೊಳಗೆ ಅಂಗಮಾರಿ ರೋಗದ ಮೂಲವು ಅಡಗಿರಬಹುದು. ಮೋಡ ಮುಸುಕಿ ತಂಪು ಹವೆ ಹಿಡಿದೊಡನೆ ಅದು ಒಂದು ಹೊಲದಿಂದ ಮತ್ತೊಂದಕ್ಕೆ ಹಬ್ಬುವುದು. ಆದಕಾರಣ ವಿವೇಕಿಯಾದ ರೈತನು ಗೆಡ್ಡೆಯ ಅಂದವನ್ನು ಮಾತ್ರವೇ ನೋಡದೆ, ಅದು ಎಲ್ಲಿಂದ ಬಂತೆಂಬುದನ್ನೂ ವಿಚಾರಿಸುವನು. ಕಚೇರಿಗಳಿಗೂ ಸಹಕಾರ ಸಂಘಗಳಿಗೂ ಗಣಕಯಂತ್ರದ ಮೂಲಕ ಬರತಕ್ಕ ಲೆಕ್ಕದ ಹಾಳೆಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆಯು ಅವಶ್ಯವಾದುದು.

ಮ್ಯಾಕ್ರೋ ಎಂದರೇನು?—ಎಕ್ಸೆಲ್ ಹಾಳೆಯೊಳಗೆ ಬರೆದಿಟ್ಟ ಆಜ್ಞೆಗಳ ಸರಣಿಗೆ ಮ್ಯಾಕ್ರೋ ಎಂದು ಹೆಸರು. ಫಲಾನುಭವಿಗಳ ಪಟ್ಟಿಯನ್ನು ಹೋಬಳಿವಾರು ವಿಂಗಡಿಸಿ ಮೊತ್ತ ಕಟ್ಟುವ ಒಂದು ದಿನದ ಕೆಲಸವನ್ನು ಇದು ಕ್ಷಣದಲ್ಲಿ ಮಾಡಬಲ್ಲದು. ಆದರೆ ಕಡತಗಳನ್ನು ಅಳಿಸುವುದಕ್ಕೂ, ಹೊರಗಿನಿಂದ ದುಷ್ಟ ಕಾರ್ಯಕ್ರಮಗಳನ್ನು ತರಿಸಿಕೊಳ್ಳುವುದಕ್ಕೂ ಇದೇ ಶಕ್ತಿಯು ಸಾಕು. 2007ನೆಯ ಆವೃತ್ತಿಯಿಂದೀಚೆಗೆ, ಹೆಸರಿನ ಕೊನೆಯಲ್ಲಿ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಎಂದಿರುವ ಹಾಳೆಯಲ್ಲಿ ಮ್ಯಾಕ್ರೋ ಉಳಿಯದು; ‘ಎಕ್ಸ್‌ಎಲ್‌ಎಸ್‌ಎಮ್’ ಎಂದಿರುವುದು ಮ್ಯಾಕ್ರೋವನ್ನು ಹೊರತಕ್ಕದ್ದು. ಹಳೆಯ ‘ಎಕ್ಸ್‌ಎಲ್‌ಎಸ್’ ಹಾಳೆಯಲ್ಲಿ ಅದು ಇರಲೂಬಹುದು, ಇಲ್ಲದಿರಲೂಬಹುದು.

ತಡೆಯು ಬಂದ ಬಗೆ.—1996ರಲ್ಲಿ ಎಕ್ಸೆಲ್ ಹಾಳೆಗಳಿಗೆ ತಗಲುವ ‘ಲಾರೂ’ ಎಂಬ ಮ್ಯಾಕ್ರೋ ವೈರಸ್ಸು ಕಾಣಿಸಿತು. 1999ರ ಮಾರ್ಚಿಯಲ್ಲಿ ‘ಮೆಲಿಸ್ಸಾ’ ಎಂಬುದು ವರ್ಡ್ ಕಡತದೊಳಗೆ ಕುಳಿತು, ತೆರೆದವರ ವಿಳಾಸಪಟ್ಟಿಯಲ್ಲಿನ ಮೊದಲ 50 ಮಂದಿಗೆ ತಾನೇ ಅಂಚೆ ಕಳುಹಿಸಿಕೊಂಡು ಲೋಕದಲ್ಲೆಲ್ಲಾ ಹರಡಿತು. ಬಹುಕಾಲ ಇಂಥ ಹಾಳೆ ತೆರೆದಾಗ ಹಳದಿ ಪಟ್ಟಿಯೊಂದು ಕಾಣಿಸಿ, ಒಂದು ಗುಂಡಿಯನ್ನು ಒತ್ತಿದರೆ ಮ್ಯಾಕ್ರೋ ನಡೆಯುತ್ತಿತ್ತು. ಅವಸರದಲ್ಲಿ ಜನರು ಓದದೆಯೇ ಒತ್ತುತ್ತಿದ್ದರು. 2022ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು, ಅಂತರ್ಜಾಲದಿಂದ ಬಂದ ಕಡತಗಳ ಮಟ್ಟಿಗೆ ಆ ಗುಂಡಿಯನ್ನೇ ತೆಗೆದು, ತಡೆಯನ್ನು ತಿಳಿಸುವ ಕೆಂಪು ಪಟ್ಟಿಯನ್ನು ಇಟ್ಟಿತು.

ಒಂದು ಉದಾಹರಣೆ.—ಹಾಸನದಲ್ಲಿ ತಯಾರಿಸಿದ ಮ್ಯಾಕ್ರೋ ಹಾಳೆಯೊಂದಕ್ಕೆ ಸುತ್ತೋಲೆಯಲ್ಲಿ ಕೊಂಡಿಯನ್ನು ಕೊಟ್ಟು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಕಳುಹಿಸಿದರೆನ್ನೋಣ. ಹಾಸನದಲ್ಲಿ ಸರಾಗವಾಗಿ ನಡೆದ ಹಾಳೆಯು ತಾಲ್ಲೂಕಿನಲ್ಲಿ ಕೆಂಪು ಪಟ್ಟಿಯನ್ನು ತೋರಿಸಿ ನಿಲ್ಲುವುದು. ಹಾಳೆಯು ಕೆಟ್ಟಿತೆಂದು ಇದರ ಅರ್ಥವಲ್ಲ. ಹಾಸನದಲ್ಲಿ ಅದು ಆ ಯಂತ್ರದಲ್ಲಿಯೇ ಹುಟ್ಟಿದುದು. ತಾಲ್ಲೂಕಿಗೆ ಅಂತರ್ಜಾಲದಿಂದ ಇಳಿದು ಬಂದುದು. ಹೀಗೆ ಇಳಿದ ಕಡತಕ್ಕೆ ವಿಂಡೋಸ್ ವ್ಯವಸ್ಥೆಯು ಹೊರಗಿನದೆಂಬ ಗುರುತನ್ನು ಅಂಟಿಸುವುದು. ತಡೆಯು ಆ ಗುರುತನ್ನು ನೋಡಿ ನಡೆಯತಕ್ಕದ್ದು.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ‘ಫ್ಯಾಟ್’ ರಚನೆಯಲ್ಲಿ ಈ ಗುರುತು ಉಳಿಯದು. ಅದರಲ್ಲಿ ಹೊತ್ತು ತಂದ ಹಾಳೆಗೆ ಕೆಂಪು ಪಟ್ಟಿಯು ಕಾಣಿಸದಿದ್ದರೆ ಅದು ಶುದ್ಧವೆಂದು ಭಾವಿಸಕೂಡದು. ಚೀಟಿ ಕಳಚಿದ ಮಾತ್ರಕ್ಕೆ ಮೂಟೆಯೊಳಗಿನ ರೋಗವು ಹೋಗುವುದಿಲ್ಲ.

ಅನುಸರಿಸತಕ್ಕ ಕ್ರಮ.—

1. ಕೊಂಡಿಯನ್ನು ಒತ್ತುವ ಮೊದಲು ಅದರ ಮೇಲೆ ಸೂಚಕವನ್ನಿಟ್ಟು ನಿಜವಾದ ವಿಳಾಸವನ್ನು ಓದಬೇಕು. ಕಾಣುವ ಹೆಸರು ಒಂದು, ಒಯ್ಯುವ ಸ್ಥಳ ಇನ್ನೊಂದು ಆಗಿರಬಹುದು.

2. ಕೆಂಪು ಪಟ್ಟಿಯು ಕಂಡರೆ, ಕಳುಹಿಸಿದವರನ್ನು ಮೊದಲೇ ಗೊತ್ತಿರುವ ದೂರವಾಣಿಯಲ್ಲಿ ವಿಚಾರಿಸಬೇಕು. ಅದೇ ಪತ್ರದಲ್ಲಿ ಕೊಟ್ಟ ಸಂಖ್ಯೆಯನ್ನು ನಂಬಕೂಡದು.

3. ಮೂಲವು ಖಚಿತವಾದ ಮೇಲೆ ಆ ಒಂದು ಕಡತದ ಗುಣವಿವರದಲ್ಲಿ ತಡೆಯನ್ನು ತೆಗೆಯಬಹುದು. ಎಲ್ಲಾ ಮ್ಯಾಕ್ರೋಗಳಿಗೂ ಬಾಗಿಲು ತೆರೆಯುವ ಏರ್ಪಾಡನ್ನು ಎಂದಿಗೂ ಮಾಡಕೂಡದು.

4. ಹಾಳೆಯನ್ನು ಕಳುಹಿಸುವವರು, ಮ್ಯಾಕ್ರೋ ಬೇಡದಿದ್ದಲ್ಲಿ, ‘ಎಕ್ಸ್‌ಎಲ್‌ಎಸ್‌ಎಕ್ಸ್’ ಆಗಿಯೇ ಕಳುಹಿಸುವುದು ಲೇಸು. ಬೇಕೇ ಬೇಕಾದಲ್ಲಿ ಅಂಕೀಯ ಸಹಿಯನ್ನು ಹಾಕತಕ್ಕದ್ದು.

5. ತಪ್ಪಿ ತೆರೆದು ಸಂಶಯ ಬಂದರೆ ಯಂತ್ರವನ್ನು ಕೂಡಲೇ ಜಾಲದಿಂದ ಬೇರ್ಪಡಿಸಿ ತಿಳಿದವರಿಗೆ ತಿಳಿಸಬೇಕು. ಹಣವು ಹೋಗಿದ್ದಲ್ಲಿ 1930 ಎಂಬ ಸಹಾಯವಾಣಿಗೆ ತಡಮಾಡದೆ ದೂರು ಕೊಡಬೇಕು.

ಒಂದು ಗುಂಡಿಯನ್ನು ಒತ್ತುವುದರಲ್ಲಿ ಅಷ್ಟೇನಿದೆ ಎಂದು ಕೆಲವರು ಕೇಳಬಹುದು. ಆ ಯಂತ್ರದಲ್ಲಿರುವ ಪಟ್ಟಿಯ ಒಂದೊಂದು ಸಾಲೂ ಒಬ್ಬ ರೈತನದು: ಅವನ ಸರ್ವೆ ನಂಬರು, ಆಧಾರ್ ಸಂಖ್ಯೆ, ಸಹಾಯಧನವು ಬಂದು ಸೇರುವ ಬ್ಯಾಂಕಿನ ಖಾತೆ. ಇವನ್ನು ಕಚೇರಿಯ ಮೇಲಿನ ನಂಬಿಕೆಯಿಂದ ಅವನು ಕೊಟ್ಟಿರುವನು. ಕೆಂಪು ಪಟ್ಟಿಯು ಕೆಲಸಕ್ಕೆ ಅಡ್ಡಿಯಲ್ಲ, ಹೊಲದ ಬೇಲಿಯಂತೆ ಕಾವಲು. ಐದು ನಿಮಿಷದ ವಿಚಾರಣೆಯಿಂದ ಆ ನಂಬಿಕೆಯು ಉಳಿಯುವುದಾದರೆ ಆ ಐದು ನಿಮಿಷವು ವ್ಯರ್ಥವಲ್ಲ.