ಹಟಕ್ಕೆ ಸಿಗುವ ಬಾಳೆಹಣ್ಣು

ಆರು ವರ್ಷದ ಮಗ ಮೊಬೈಲ್‌ಗಾಗಿ ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ, ಹೊಡೆದರೂ ಬಗ್ಗುವುದಿಲ್ಲ ಎಂಬುದು ಮೇಲುಕೋಟೆಯ ತಾಯಿಯೊಬ್ಬರ ಅಳಲು. ಹಟ ಬಿಡದಿದ್ದರೆ ಒಮ್ಮೆಯಾದರೂ ಸಿಕ್ಕೇ ಸಿಗುತ್ತದೆ ಎಂದು ಅವನು ಕಲಿತಿದ್ದಾನೆ. ಅವರ ಊರಿನ ಬೆಟ್ಟದ ಕೋತಿಗಳು ಕಲಿತಿರುವುದೂ ಇದೇ ಪಾಠ.

ಆ ಬೆಟ್ಟದ ಮೇಲಿನ ಯೋಗಾನರಸಿಂಹ ದೇವಾಲಯದ ಮೆಟ್ಟಿಲು ಹತ್ತುವವರ ಕೈಚೀಲಕ್ಕೆ ಕೋತಿ ಸುಮ್ಮನೆ ಕೈಹಾಕುವುದಿಲ್ಲ. ಹತ್ತು ಜನ ಗದರಿದರೂ ಹನ್ನೊಂದನೆಯವರು ಹೆದರಿ ಬಾಳೆಹಣ್ಣು ಬಿಸಾಡುತ್ತಾರೆಂದು ಅದಕ್ಕೆ ಗೊತ್ತು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಕಂಡದ್ದೂ ಅಷ್ಟೇ: ಪ್ರತಿಸಲವೂ ಬಹುಮಾನ ಪಡೆದು ಕಲಿತದ್ದಕ್ಕಿಂತ, ಆಗೊಮ್ಮೆ ಈಗೊಮ್ಮೆ ಸಿಕ್ಕ ಬಹುಮಾನದಿಂದ ಕಲಿತ ಚಾಳಿಯನ್ನು ಬಿಡಿಸುವುದು ಕಷ್ಟ. ಮೂರು ದಿನ ಗಟ್ಟಿಯಾಗಿದ್ದು, ನಾಲ್ಕನೆಯ ದಿನ ನೆಂಟರೆದುರು ಮರ್ಯಾದೆಗಂಜಿ ಮೊಬೈಲ್ ಕೊಟ್ಟರೆ ಮನೆಯಲ್ಲೂ ಆಗುವುದು ಅದೇ.

ಇನ್ನು ಹೊಡೆತ. ಹೆಚ್ಚೆಂದರೆ ಹೊಡೆಯುವವರು ಎದುರಿಗಿರುವಷ್ಟು ಹೊತ್ತು ಅದರ ಭಯ. ಬದಲಿಗೆ ಏನು ಮಾಡಬೇಕೆಂದು ಅದು ಕಲಿಸುವುದಿಲ್ಲ. ಶಾಲೆಗಳಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ.

ಈ ತಾಯಿ ಮೊದಲು ಅಜ್ಜಿ-ತಾತನನ್ನೂ ಕೂರಿಸಿಕೊಂಡು ಒಂದೇ ನಿಯಮ ಮಾಡಲಿ (ಅಜ್ಜಿಯರನ್ನು ಒಪ್ಪಿಸುವುದೇ ದೊಡ್ಡ ಕೆಲಸ): ಊಟವಾದ ಮೇಲೆ 20 ನಿಮಿಷ ಮೊಬೈಲ್, ಅತ್ತರೆ ಇಲ್ಲ. ಮೊದಲ ಕೆಲವು ದಿನ ರಂಪ ಹೆಚ್ಚಬಹುದು. ಬಹುಮಾನ ನಿಂತಾಗ ಹಾಗಾಗುವುದು ಸಹಜ. ಆಗ ಸೋತರೆ ಹುಡುಗ ಇನ್ನೂ ಜೋರಾಗಿ ಕಿರುಚುವುದನ್ನು ಕಲಿಯುತ್ತಾನೆ. ಕೇಳಿದೊಡನೆ ಮೊಬೈಲ್ ಹಿಂದಿರುಗಿಸಿದ ದಿನ ಸಂಜೆವರೆಗೆ ಕಾಯದೆ ಅಲ್ಲೇ ಹೊಗಳಿ, ಕಲ್ಯಾಣಿಯ ಕಡೆ ಒಂದು ಸುತ್ತು ಕರೆದೊಯ್ಯಲಿ.