ಪುಶ್ ಒತ್ತುವ ಮೊದಲು

ಆಡ್, ಕಮಿಟ್, ಪುಶ್. ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಲು ಕೂತ ಹೊಸಬರು ಈ ಮೂರನ್ನು ಗಿಳಿಪಾಠ ಮಾಡಿಕೊಳ್ಳುತ್ತಾರೆ. ಏನಾದರೂ ಎಡವಟ್ಟಾಗುವ ತನಕ ಕೆಲಸವೂ ಸಾಗುತ್ತದೆ. ತಂತ್ರಾಂಶಗಳ ಸಹಾಯ ಪುಟಗಳನ್ನು ಕನ್ನಡಕ್ಕೆ ತರುವ ಅನುವಾದಕರಿಗೆ, ಅದೂ ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲದವರಿಗೆ, ಗಿಟ್ ಹೇಳಿಕೊಡುತ್ತಾ ನಾನು ಈ ಕ್ರಮವನ್ನೇ ತಿರುಗಿಸಿಬಿಟ್ಟೆ. ಈಗ ಮೊದಲ ಪಾಠ, ಏನನ್ನೂ ಬದಲಿಸದೆ ಬರೀ ತೋರಿಸುವ ಕಮಾಂಡುಗಳದು.

ಗಿಟ್ ಸ್ಟೇಟಸ್ ಅಂಥದ್ದು. ಯಾವ ಕಡತ ಬದಲಾಗಿದೆ, ಯಾವುದು ಮುಂದಿನ ಕಮಿಟ್‌ಗೆ ಸೇರಿದೆ, ಯಾವುದನ್ನು ಗಿಟ್ ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಕನ್ನಡದವರಿಗೆ ಮೊದಲ ಗಾಬರಿಯೂ ಇಲ್ಲೇ. ಕಡತಕ್ಕೆ ‘ಕವಿತೆ’ ಎಂದು ಹೆಸರಿಟ್ಟಿದ್ದರೆ ಪರದೆಯಲ್ಲಿ ಕಾಣುವುದು \340\262\225 ಎಂದು ಶುರುವಾಗುವ ಅಂಕಿಗಳ ಸರಮಾಲೆ! ಕಡತವೇ ಕೆಟ್ಟಿತೆಂದು ಒಬ್ಬರು ಅದನ್ನು ಅಳಿಸಲು ಹೊರಟಿದ್ದರು. ಅದಕ್ಕೇನೂ ಆಗಿರಲಿಲ್ಲ. ಆ ಮೂರು ಸಂಖ್ಯೆಗಳು ಯುಟಿಎಫ್-8ರಲ್ಲಿ ‘ಕ’ ಅಕ್ಷರದ ಮೂರು ಬೈಟುಗಳು, ಅಷ್ಟೆ. ಗಿಟ್ ಕಾನ್ಫಿಗ್ ಮೂಲಕ ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ಒಮ್ಮೆ ‘ಫಾಲ್ಸ್’ ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಇನ್ನು ಗಿಟ್ ಡಿಫ್. ಕಡತದಲ್ಲಿ ಏನೇನು ತಿದ್ದಿದ್ದೇವೆ ಎಂದು ತೋರಿಸುವುದು ಇದರ ಕೆಲಸ. ಲಿನಕ್ಸ್ ಕರ್ನಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ತಪ್ಪಿಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆಯತೊಡಗಿದರು. ಅವರ ಕಣ್ಣ ಮುಂದಿದ್ದದ್ದು ಪ್ರೋಗ್ರಾಮು. ಅದರ ಸಾಲುಗಳು ಗಿಡ್ಡ. ಹಾಗಾಗಿ ಡಿಫ್ ಹೋಲಿಸುವುದೂ ಸಾಲುಸಾಲಾಗಿ. ನಮ್ಮ ಗದ್ಯದಲ್ಲೋ ಇಡೀ ಪ್ಯಾರಾ ಕಡತದಲ್ಲಿ ಒಂದೇ ಸಾಲು. ಒಂದು ದೀರ್ಘ ತಿದ್ದಿದರೂ ಪೂರ್ತಿ ಪ್ಯಾರಾ ಕೆಂಪಾಗಿ ಅಳಿದು ಹಸಿರಾಗಿ ಮರಳುತ್ತದೆ. ತಿದ್ದಿದ್ದು ಎಲ್ಲಿ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಡಿಫ್‌ಗೆ ‘ಕಲರ್-ವರ್ಡ್ಸ್’ ಆಯ್ಕೆ ಸೇರಿಸಿದರೆ ಬದಲಾದ ಪದಕ್ಕೆ ಮಾತ್ರ ಬಣ್ಣ.

ಅದಕ್ಕಿಂತ ಒಳ್ಳೆಯದು, ಒಂದೊಂದು ವಾಕ್ಯವನ್ನೂ ಬೇರೆ ಸಾಲಿನಲ್ಲಿ ಬರೆಯುವುದು. ಒಂದೇ ಪ್ಯಾರಾವನ್ನು ಇಬ್ಬರು ತಿದ್ದಿದಾಗ ಇತರರ ತಿದ್ದುಪಡಿ ತರಿಸಿಕೊಳ್ಳುವ ಪುಲ್ ವೇಳೆ ಎದುರಾಗುವ ಮರ್ಜ್ ತಕರಾರುಗಳೂ ಇದರಿಂದ ಕಡಿಮೆಯಾಗುತ್ತವೆ. ‘ಪುಟ ಉದ್ದ ಆಗುತ್ತಲ್ಲ ಸರ್’ ಎಂಬ ಆಕ್ಷೇಪ ಇದ್ದದ್ದೇ. ಕಡತದಲ್ಲಿ ಉದ್ದವಾದರೆ ಆಗಲಿ, ಪ್ರಕಟವಾದ ಪುಟದಲ್ಲಿ ವಾಕ್ಯಗಳು ಒಂದೇ ಪ್ಯಾರಾದಲ್ಲಿ ಕೂಡಿಕೊಳ್ಳುತ್ತವೆ.

ಬರೆದದ್ದು ಕಳೆದುಹೋಗುವ ಭಯ ಎಲ್ಲರಿಗೂ ಇರುತ್ತದೆ, ಆದರೆ ತಪ್ಪು ಜಾಗದಲ್ಲಿ. ಕಮಿಟ್ ಆದದ್ದು, ಹಿಂದಿನ ಸ್ಥಿತಿಗೆ ಮರಳಿಸುವ ರೀಸೆಟ್‌ನಿಂದ ಕಣ್ಮರೆಯಾದರೂ ಗಿಟ್ ರಿಫ್ಲಾಗ್‌ನಲ್ಲಿ ಅದರ ಗುರುತು ಸಿಗುತ್ತದೆ; ಸೆಟ್ಟಿಂಗ್ ಬದಲಿಸದಿದ್ದರೆ ಅಂಥ ಗುರುತುಗಳನ್ನು ಗಿಟ್ 30 ದಿನವಾದರೂ ಇಟ್ಟುಕೊಳ್ಳುತ್ತದೆ. ನಿಜವಾದ ಅಪಾಯ ‘ಹಾರ್ಡ್’ ರೀಸೆಟ್ ಮತ್ತು 2019ರಲ್ಲಿ ಬಂದ ಗಿಟ್ ರಿಸ್ಟೋರ್‌ಗಳಲ್ಲಿದೆ. ಆಡ್, ಕಮಿಟ್ ಯಾವುದೂ ಆಗದ ತಿದ್ದುಪಡಿಗಳನ್ನು ಇವು ‘ಖಚಿತವೇ?’ ಎಂದೂ ಕೇಳದೆ ಅಳಿಸಿಹಾಕುತ್ತವೆ. ಆಮೇಲೆ ಎಡಿಟರ್ ಇನ್ನೂ ತೆರೆದಿದ್ದರೆ ಅನ್‌ಡೂ ಒತ್ತಿ ನೋಡಬಹುದು.