ಸೈಕಲ್ಲಿಗೆ ಹೆಡ್‌ಲೈಟ್ ಕೊಳ್ಳುವವರಿಗೆ ಎಂಟು ಸೂತ್ರ

ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಸೂರ್ಯ ಸಂಜೆ ಆರಕ್ಕೆ ಮೊದಲೇ ಮುಳುಗುತ್ತಾನೆ. ಆಫೀಸು ಬಿಡುವುದು ಆರೂವರೆಗೋ ಏಳಕ್ಕೋ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ಮನೆಯ ದಾರಿ ಕತ್ತಲೆಯದೇ. ಅಂಗಡಿಯಲ್ಲಿ ಮುನ್ನೂರು ರೂಪಾಯಿಯಿಂದ ಹಲವು ಸಾವಿರದವರೆಗಿನ ಲೈಟುಗಳಿವೆ. ಎಲ್ಲ ಡಬ್ಬಿಗಳ ಮೇಲೂ ದಪ್ಪಕ್ಷರದಲ್ಲಿ ಒಂದು ಅಂಕಿ. ಆ ಅಂಕಿಗೆ ದುಡ್ಡು ಕೊಡಬೇಡಿ. ಬೆಳಕು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕೊಡಿ.

1. ಮೊದಲು ದಾರಿ ನೋಡಿ, ಆಮೇಲೆ ಲೈಟು

ದಾರಿಯುದ್ದಕ್ಕೂ ಬೀದಿದೀಪ ಇದ್ದರೆ ನಿಮ್ಮ ಲೈಟಿನ ಮುಖ್ಯ ಕೆಲಸ ಬೇರೆಯವರಿಗೆ ನೀವು ಕಾಣುವಂತೆ ಮಾಡುವುದು. 100–200 ಲ್ಯೂಮೆನ್ ಸಾಕು. ಕೆರೆ ಏರಿ, ಹೊಸ ಬಡಾವಣೆ, ಮರದ ಕೊಂಬೆಯಲ್ಲಿ ಬೀದಿದೀಪವೇ ಮುಚ್ಚಿಹೋದ ಸರ್ವಿಸ್ ರಸ್ತೆ ಇದ್ದರೆ 400–500 ಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತಿರುತ್ತೀರಿ. ಗುಂಡಿ ಕಂಡು, ಬ್ರೇಕ್ ಹಿಡಿದು, ಸೈಕಲ್ ನಿಲ್ಲುವಷ್ಟರಲ್ಲಿ ಹನ್ನೆರಡು ಮೀಟರ್ ಕಳೆದಿರುತ್ತದೆ, ಮಳೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮುಂದಿನ ಹದಿನೈದು–ಇಪ್ಪತ್ತು ಮೀಟರ್ ರಸ್ತೆ ಸ್ಪಷ್ಟವಾಗಿ ಕಾಣಬೇಕು. ಇನ್ನೂರು ಮೀಟರ್ ದೂರದ ಮರ ಕಂಡು ನಿಮಗೇನೂ ಆಗಬೇಕಾಗಿಲ್ಲ.

2. ಲ್ಯೂಮೆನ್ ಲೆಕ್ಕವನ್ನು ನೀವೇ ಹಾಕಿ

ಲೈಟಿನಿಂದ ಹೊರಬೀಳುವ ಒಟ್ಟು ಬೆಳಕು ಎಷ್ಟೆಂದು ಲ್ಯೂಮೆನ್ ಹೇಳುತ್ತದೆ. ಅದು ರಸ್ತೆಗೆ ಬಿತ್ತೋ, ಪಕ್ಕದ ಬೇವಿನ ಮರಕ್ಕೆ ಬಿತ್ತೋ ಎಂದು ಹೇಳುವುದಿಲ್ಲ. ಒಂದು ಜಾಗಕ್ಕೆ ಎಷ್ಟು ಬಿತ್ತು ಎಂಬುದರ ಅಳತೆ ಲಕ್ಸ್. ಡಬ್ಬಿಯ ಮೇಲೆ ಅದನ್ನೂ ಹಾಕಿದ್ದರೆ ಒಳ್ಳೆಯ ಸೂಚನೆ.

ಲ್ಯೂಮೆನ್ ಅಂಕಿಯೂ ನಿಜವೇ ಆಗಿರಬೇಕಲ್ಲ? ಪುಟ್ಟ ಲೈಟುಗಳ ಒಳಗೆ ಹೆಚ್ಚಾಗಿ ಇರುವುದು 18650 ಎಂಬ ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯ ಕಂಪನಿಯದಾದರೂ ಅದರಲ್ಲಿ ಹಿಡಿಸುವುದು 3,500 ಎಂಎಎಚ್ ಆಸುಪಾಸು. 3.6 ವೋಲ್ಟಿನಿಂದ ಗುಣಿಸಿದರೆ ಸುಮಾರು 12 ವ್ಯಾಟ್-ಅವರ್. ಎಲ್‌ಇಡಿ ವ್ಯಾಟಿಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತದೆ ಎಂದುಕೊಳ್ಳಿ. ಸಾವಿರ ಲ್ಯೂಮೆನ್ನಿಗೆ ಹತ್ತು ವ್ಯಾಟ್ ಬೇಕು, ಒಂದು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಬ್ಯಾಟರಿ ಖಾಲಿ. ಇಷ್ಟೇ ಗಾತ್ರದ ಒಂಟಿ ಸೆಲ್ಲಿನ ಮೇಲೆ ‘9,900 ಎಂಎಎಚ್’ ಎಂದು ಅಚ್ಚು ಹಾಕಿದ್ದರೆ ಅದು ಹಸಿ ಸುಳ್ಳು. ಅಂಥ ಕಂಪನಿಯ ಬೇರೆ ಅಂಕಿಗಳನ್ನೂ ನಂಬಬೇಕಿಲ್ಲ.

‘ರನ್‌ಟೈಮ್’ನಲ್ಲೂ ಒಂದು ಮರ್ಮವಿದೆ. ಟಾರ್ಚುಗಳಿಗೆ ಬಳಸುವ ಎಫ್‌ಎಲ್ 1 ಎಂಬ ಮಾನದಂಡದಲ್ಲಿ, ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತೆಲ್ಲ ಲೆಕ್ಕಕ್ಕೆ ಬರುತ್ತದೆ. ನೀವು ದಿನವೂ ಬಳಸುವುದು ಮಧ್ಯದ ಮೋಡ್. ಅದು ನಿಮ್ಮ ಓಡಾಟದ ಎರಡರಷ್ಟು ಹೊತ್ತು ಬರುತ್ತದೆಯೇ ನೋಡಿಕೊಳ್ಳಿ.

3. ಎದುರಿನವರ ಕಣ್ಣಿಗೆ ಹೊಡೆಯದ ಲೈಟೇ ನಿಮಗೂ ಒಳ್ಳೆಯದು

ಎಂಟರಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ. ಟಾರ್ಚಿನ ಹಾಗೆ ಗುಂಡಗೆ ಬೆಳಕು ಚೆಲ್ಲುವ ಲೈಟಿನಲ್ಲಿ ಸರಿಸುಮಾರು ಅರ್ಧ ಬೆಳಕು ಆಕಾಶಕ್ಕೆ, ಎದುರು ಬರುವವರ ಮುಖಕ್ಕೆ. ಹೈಬೀಮ್ ಹಾಕಿಕೊಂಡು ಬರುವ ಕಾರಿನವರನ್ನು ಬೈಯುವ ನಾವೇ ಹ್ಯಾಂಡಲ್ಲಿಗೆ ಅಂಥದ್ದನ್ನು ಕಟ್ಟಿಕೊಂಡರೆ ಹೇಗೆ?

ಜರ್ಮನಿಯಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿನ ಎಸ್‌ಟಿವಿಝಡ್‌ಒ ನಿಯಮಕ್ಕೆ ಒಪ್ಪುವ ಲೈಟಿನ ಬೆಳಕನ್ನು ಗೋಡೆಗೆ ಬಿಟ್ಟರೆ ಮೇಲ್ಭಾಗ ಗೆರೆ ಎಳೆದ ಹಾಗೆ ಕತ್ತರಿಸಿರುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಉಳಿದ ಬೆಳಕೆಲ್ಲ ರಸ್ತೆಗೇ ಬೀಳುವುದರಿಂದ ಸಣ್ಣ ಅಂಕಿಯ ಲೈಟೂ ದೊಡ್ಡ ಕೆಲಸ ಮಾಡುತ್ತದೆ. ಅಲ್ಲಿ ಲೈಟಿಗೆ ವಿದ್ಯುತ್ ಕೊಡುವ, ಚಕ್ರದ ಹಬ್ಬಿನಲ್ಲಿ ಕೂರುವ ಡೈನಮೋ 6 ವೋಲ್ಟ್, 3 ವ್ಯಾಟ್‌ನದು. ಇಷ್ಟರಲ್ಲೇ ಅಲ್ಲಿನವರು ರಾತ್ರಿಯಿಡೀ ಓಡಾಡುತ್ತಾರೆ. (ಟೈರಿಗೆ ಉಜ್ಜಿಕೊಂಡು ಕಿರ್ರೆನ್ನುತ್ತಿದ್ದ ನಮ್ಮ ಹಳೆಯ ಡೈನಮೋ ನೆನಪಿದ್ದವರು ಹೆದರಬೇಡಿ, ಹಬ್ಬಿನದು ಸದ್ದು ಮಾಡುವುದಿಲ್ಲ.) ಈ ಜಾತಿಯ ಬೀಮ್ ಇರುವ ಬ್ಯಾಟರಿ ಲೈಟುಗಳೂ ಇವೆ. ಅಂಗಡಿಯವರನ್ನು ‘ಕಟ್-ಆಫ್ ಬೀಮ್ ಇದೆಯಾ?’ ಎಂದು ಕೇಳಿ, ಗೋಡೆಗೆ ಬಿಟ್ಟು ನೋಡಿ.

4. ಚಿಕ್ಕದಿರಲಿ, ತೀರಾ ಚಿಕ್ಕದು ಬೇಡ

ಎಲ್‌ಇಡಿಯ ಬಿಸಿ ಹೊರಹೋಗಲು ಲೋಹದ ಮೈ, ಓಡುವ ಗಾಳಿ ಎರಡೂ ಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಕೆಲವು ಲೈಟುಗಳು ತಾವಾಗಿಯೇ ಮಂಕಾಗುವುದು ಕೆಟ್ಟುಹೋಗಿ ಅಲ್ಲ, ಬಿಸಿ ತಾಳಲಾರದೆ. ಬೆರಳುದ್ದದ ಪ್ಲಾಸ್ಟಿಕ್ ಲೈಟಿಗೆ ಸಾವಿರ ಲ್ಯೂಮೆನ್ ಹೊರಿಸಿದ್ದರೆ ಆ ಸಾವಿರ ಕೆಲವೇ ನಿಮಿಷದ್ದು.

5. ಬ್ರಾಕೆಟ್ಟನ್ನು ಅಲ್ಲಾಡಿಸಿ ನೋಡಿ

ರೋಡ್ ಹಂಪ್ ಹಾರಿದಾಗಲೆಲ್ಲ ಮೂಗು ಕೆಳಗೆ ಮಾಡುವ ಲೈಟು ತಲೆನೋವು. ಹ್ಯಾಂಡಲ್ಲಿನ ನಡುಭಾಗ ಹೊಸ ಸೈಕಲ್ಲುಗಳಲ್ಲಿ ಹೆಚ್ಚಾಗಿ 31.8 ಮಿ.ಮೀ., ಹಳೆಯವುಗಳಲ್ಲಿ 25.4. ಎರಡಕ್ಕೂ ಗಟ್ಟಿಯಾಗಿ ಕೂರುತ್ತದೆಯೇ? ರಬ್ಬರ್ ಪಟ್ಟಿಯದಾದರೆ ಬೇರೆ ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ? ಪಾರ್ಕಿಂಗಿನಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವಂತಿರಬೇಕು. ಬಿಟ್ಟುಹೋದ ಲೈಟು ಸಂಜೆಗೆ ಅಲ್ಲಿರುತ್ತದೆ ಎಂಬ ಖಾತರಿ ಇಲ್ಲ.

6. ಮಳೆ, ಚಾರ್ಜಿಂಗ್

ಐಪಿಎಕ್ಸ್ 4 ಅಂದರೆ ಎಲ್ಲ ದಿಕ್ಕಿನಿಂದ ಎರಚಿದ ನೀರನ್ನು ತಡೆಯುತ್ತದೆ, ಬಯಲುಸೀಮೆಗೆ ಸಾಕು. ಐಪಿಎಕ್ಸ್ 7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಇದನ್ನೇ ಹುಡುಕಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾದರೆ ಎರಡೂ ವ್ಯರ್ಥ.

ತೂತು ಟೈಪ್-ಸಿ ಆದರೆ ಅನುಕೂಲ. ಆದರೆ ಅಗ್ಗದ ಕೆಲವು ಲೈಟುಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ, ಹಳೆಯ ಚಪ್ಪಟೆ ತುದಿಯ ಕೇಬಲ್ಲೇ ಆಗಬೇಕು. ಆಫೀಸಿನ ಚಾರ್ಜರ್ ಜೊತೆಗೊಯ್ದು ಅಂಗಡಿಯಲ್ಲೇ ಚುಚ್ಚಿ ನೋಡಿ.

7. ಒಂದೇ ಗುಂಡಿ, ಹತ್ತು ಮೋಡ್: ಬೇಡ

ಕೆಲವು ಲೈಟುಗಳಲ್ಲಿ ಹೆಚ್ಚಿನದರಿಂದ ಕಡಿಮೆಗೆ ಬರಬೇಕಾದರೆ ನಡುವೆ ಎರಡು ಬಗೆಯ ಮಿಣುಕು, ಒಂದು ಎಸ್‌ಒಎಸ್, ಕೊನೆಗೆ ಪೂರ್ತಿ ಕತ್ತಲು ದಾಟಬೇಕು, ಅದೂ ಓಡುವ ಸೈಕಲ್ ಮೇಲೆ. ಆಫ್ ಮಾಡಲು ಗುಂಡಿಯನ್ನು ಒತ್ತಿ ಹಿಡಿಯಬೇಕಾದ, ಕೊನೆಯ ಮೋಡನ್ನು ನೆನಪಿಟ್ಟುಕೊಳ್ಳುವ ಲೈಟು ಆರಿಸಿ. ಮಿಣುಕು ಹಗಲಿಗಿರಲಿ. ಕತ್ತಲಲ್ಲಿ ಮಿಣುಕುವ ಸೈಕಲ್ ಎಷ್ಟು ದೂರದಲ್ಲಿದೆ ಎಂದು ಎದುರಿನವರಿಗೆ ಅಂದಾಜು ಸಿಗುವುದಿಲ್ಲ.

8. ಕೊಂಡ ದಿನವೇ ಗೋಡೆ ಪರೀಕ್ಷೆ

ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಇದನ್ನು ಮಾಡಿ. ಸೈಕಲ್ಲನ್ನು ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ. ಲೈಟು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಗೋಡೆಯ ಮೇಲೆ ಅರ್ಧ ಮೀಟರಿಗೆ ಸೀಮೆಸುಣ್ಣದ ಗುರುತು ಹಾಕಿ, ಬೆಳಕಿನ ನಡುಭಾಗ ಅಲ್ಲಿಗೆ ಬರುವಂತೆ ಬಗ್ಗಿಸಿ. ಆಗ ಅದು ರಸ್ತೆ ಮುಟ್ಟುವುದು ಹತ್ತು ಮೀಟರ್ ಮುಂದೆ. ಬ್ರೇಕ್ ಕೇಬಲ್ಲಿನ ನೆರಳು ಅಡ್ಡ ಬರುತ್ತಿದ್ದರೆ ಲೈಟನ್ನು ತುಸು ಪಕ್ಕಕ್ಕೆ ಸರಿಸಿ. ಮುಂದೆ ಬುಟ್ಟಿ ಇರುವವರು ಲೈಟನ್ನು ಹ್ಯಾಂಡಲ್ಲಿಗೆ ಹಾಕದೆ ಬುಟ್ಟಿಯ ಮುಂಭಾಗಕ್ಕೆ ಕಟ್ಟಿ. ಇಲ್ಲದಿದ್ದರೆ ಐನೂರು ಲ್ಯೂಮೆನ್ನಿನಲ್ಲಿ ಥಳಥಳ ಹೊಳೆಯುವುದು ಬುಟ್ಟಿಯೊಳಗಿನ ಹೂಕೋಸು ಮಾತ್ರ.